ಇಂಗ್ಲೆಂಡಿನ ಮಧ್ಯಯುಗದ ಹಳ್ಳಿ ಚರ್ಚ್‌ಗಳ ಗೋಡೆಗಳು ಯಾಕೆ ಬರೀ ಬಿಳಿ?

ಕಟ್ಟಿದಾಗ ಅವು ಬಿಳಿಯಾಗಿರಲಿಲ್ಲ. ಹೆಚ್ಚಿನ ಚರ್ಚ್‌ಗಳ ಒಳಗೋಡೆ ತುಂಬಾ ಬಣ್ಣದ ಚಿತ್ರಗಳಿದ್ದವು. 16ನೇ ಶತಮಾನದಲ್ಲಿ ಅವುಗಳ ಮೇಲೆ ಸುಣ್ಣ ಬಳಿದರು.

ಕಾರಣ ಧರ್ಮಸುಧಾರಣೆ, ಅಂದರೆ ಕ್ಯಾಥೊಲಿಕ್ ಚರ್ಚ್‌ನಿಂದ ಬೇರೆಯಾದ ಪ್ರಾಟೆಸ್ಟಂಟರ ಚಳವಳಿ. ಇಂಗ್ಲೆಂಡ್ ಪೋಪ್‌ನಿಂದ ಬೇರೆಯಾದ ಮೇಲೆ, ಅದರಲ್ಲೂ 1547ರಲ್ಲಿ 6ನೇ ಎಡ್ವರ್ಡ್ ಪಟ್ಟಕ್ಕೆ ಬಂದ ನಂತರ, ಚಿತ್ರ ಮತ್ತು ಮೂರ್ತಿಗಳನ್ನು ವಿಗ್ರಹಾರಾಧನೆ ಎಂದು ತೆಗೆಸಿದರು. ಗೋಡೆಯ ಚಿತ್ರ ಕೆರೆದು ತೆಗೆಯುವುದಕ್ಕಿಂತ ಸುಣ್ಣ ಬಳಿಯುವುದು ಸುಲಭ, ಖರ್ಚೂ ಕಡಿಮೆ. ಎಷ್ಟೋ ಕಡೆ ಅದರ ಮೇಲೆ ಬೈಬಲ್ ವಾಕ್ಯ ಬರೆಸಿದರು.

ಆದರೆ ಅಳಿಸಲು ಬಳಿದ ಆ ಸುಣ್ಣವೇ ಕೆಲವು ಚಿತ್ರಗಳನ್ನು ಉಳಿಸಿತು! ಬೆಳಕು, ಮಸಿ, ಜನರ ಕೈ ಯಾವುದೂ ಅವಕ್ಕೆ ತಾಗಲಿಲ್ಲ. ಸಫೋಕ್‌ನ ವೆನ್‌ಹ್ಯಾಸ್ಟನ್ ಹಳ್ಳಿಯನ್ನೇ ನೋಡಿ. 1892ರಲ್ಲಿ ಚರ್ಚ್ ದುರಸ್ತಿ ಮಾಡುವಾಗ ಸುಣ್ಣ ಬಳಿದ ಹಳೇ ಹಲಗೆಗಳನ್ನು ಕಿತ್ತು ಹೊರಗೆ ಹಾಕಿದ್ದರು. ರಾತ್ರಿ ಮಳೆ ಬಂತು, ಸುಣ್ಣ ತೊಳೆದುಹೋಯಿತು. ಕೆಳಗೆ, ಹಲಗೆಗಳ ಮೇಲೆ, ಅಂತಿಮ ತೀರ್ಪಿನ ದಿನದ (ಸತ್ತವರೆಲ್ಲ ಎದ್ದು ದೇವರ ತೀರ್ಪಿಗೆ ನಿಲ್ಲುವ ದಿನ) ದೊಡ್ಡ ಚಿತ್ರ! ಸ್ವರ್ಗದ ಬಾಗಿಲಲ್ಲಿ ಸಂತ ಪೀಟರ್ ಮುಂದೆ ರಾಜ, ರಾಣಿ, ಬಿಷಪ್ ಎಲ್ಲರೂ ಬೆತ್ತಲೆ. ತಲೆಯ ಮೇಲೆ ಕಿರೀಟ, ಟೋಪಿ ಮಾತ್ರ. ದೇವರ ಮುಂದೆ ಎಲ್ಲರೂ ಒಂದೇ ಅಂತ ಓದು ಬಾರದವರಿಗೂ ಅರ್ಥವಾಗುತ್ತೆ, ಅಲ್ವಾ? ನಡುವೆ ಬಣ್ಣವಿಲ್ಲದ ಮನುಷ್ಯಾಕಾರದ ಖಾಲಿ ಜಾಗಗಳೂ ಇವೆ. ಶಿಲುಬೆಯ ಮೇಲಿನ ಯೇಸು, ಪಕ್ಕದ ಮೇರಿ ಮತ್ತು ಜಾನ್ ಮೂರ್ತಿಗಳನ್ನು ಅಲ್ಲಿ ನಿಲ್ಲಿಸಿದ್ದರು. ಮೂರ್ತಿಗಳು ಹೋದವು, ಹಲಗೆಗಳು ಈಗಲೂ ಅದೇ ಚರ್ಚ್‌ನಲ್ಲಿವೆ.