ಬರಗಾಲದಲ್ಲಿ ದುಡಿಸಿಕೊಂಡೇ ನೆರವು ನೀಡುವ ಪದ್ಧತಿ ಎಲ್ಲಿಂದ ಬಂತು?

ಅದರ ಒಂದು ಬೇರು ಇಂಗ್ಲೆಂಡಿನ 1834ರ ಬಡವರ ಕಾಯ್ದೆಯಲ್ಲಿದೆ. ನೆರವು ಬೇಡುವವರನ್ನು ವರ್ಕ್‌ಹೌಸ್‌ಗೆ, ಅಂದರೆ ಬಡವರನ್ನು ಕಠಿಣ ಶಿಸ್ತಿನಲ್ಲಿಡುವ ದುಡಿಮೆಯ ಮನೆಗೆ, ಸೇರಿಸಿ ದುಡಿಸಿದರೆ, ನಿಜವಾಗಿ ಗತಿಯಿಲ್ಲದವರು ಮಾತ್ರ ಬರುತ್ತಾರೆಂಬುದು ಅದರ ಎಣಿಕೆಯಾಗಿತ್ತು. 1876–78ರ ಮಹಾಕ್ಷಾಮದಲ್ಲಿ ಮದ್ರಾಸ್, ಮೈಸೂರು, ಮುಂಬಯಿ ಸೀಮೆಗಳ ಜನರು ಹಸಿವಿನಿಂದ ಸಾಯುತ್ತಿದ್ದಾಗ, ಖರ್ಚಿಗೆ ಕಡಿವಾಣ ಹಾಕಲು ಬಂದ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಇದೇ ತರ್ಕವನ್ನು ಹಿಡಿದು, ಪರಿಹಾರ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದಾಣೆಯನ್ನಷ್ಟೇ ಗೊತ್ತುಪಡಿಸಿದನು. ಮೈಮುರಿದು ದುಡಿಯುವ ದೇಹಕ್ಕೆ ಅದು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಪಟ್ಟುಹಿಡಿದು ವಾದಿಸಿದ್ದು, ನನ್ನ ದೃಷ್ಟಿಯಲ್ಲಿ, ಆ ಆಡಳಿತದ ಅಪರೂಪದ ವಿವೇಕ. 1880ರ ಕ್ಷಾಮ ಆಯೋಗದ ವರದಿಯ ನಂತರ ಕ್ಷಾಮ ಸಂಹಿತೆಗಳು, ಅಂದರೆ ಬರಗಾಲದಲ್ಲಿ ನೆರವು ನೀಡುವ ನಿಯಮಾವಳಿಗಳು, ರೂಪುಗೊಂಡವು. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿಯೂ ದುಡಿಮೆಯ ಷರತ್ತು ಉಳಿಯಿತಾದರೂ, ಕೆಲಸವನ್ನು ಕೇಳಿ ಪಡೆಯುವುದು ಗ್ರಾಮೀಣ ಕುಟುಂಬಗಳ ಕಾನೂನುಬದ್ಧ ಹಕ್ಕಾಯಿತು.