‘ಸೂರ್ಯ’ ಬರೆಯಲು ಬಾರದ ಹುಡುಗ

ಶಿಗ್ಗಾವಿ ತಾಲೂಕಿನ ಸರಕಾರಿ ಶಾಲೆಯೊಂದರ ಶಿಕ್ಷಕಿ ಬರೆದ ಪತ್ರದ ಸಾರ: “ನನ್ನ ನಾಲ್ಕನೆಯ ತರಗತಿಯಲ್ಲಿ 38 ಮಕ್ಕಳು. ಒಬ್ಬ ಹುಡುಗ ಬಾಯಿಲೆಕ್ಕದಲ್ಲಿ ಎಲ್ಲರಿಗಿಂತ ಮುಂದು, ಕೇಳಿದ ಕಥೆಯನ್ನು ಹಾಗೇ ಒಪ್ಪಿಸುತ್ತಾನೆ. ಪುಸ್ತಕ ಕೈಗೆ ಕೊಟ್ಟರೆ ಬೆವರುತ್ತಾನೆ. ಇನ್ನೊಬ್ಬ ಹತ್ತು ನಿಮಿಷ ಒಂದು ಕಡೆ ಕೂಡಲಾರ. ತಾಂಡಾದಿಂದ ಬರುವ ಒಬ್ಬ ಹುಡುಗಿ ಜೂನ್‌ನಿಂದ ಈವರೆಗೆ ತರಗತಿಯಲ್ಲಿ ಬಾಯಿ ಬಿಟ್ಟಿಲ್ಲ. ಮೊದಲನೆಯವನ ತಂದೆ ‘ಇವಗ ಅಕ್ಷರ ತಲಿಗೆ ಹತ್ತೂದಿಲ್ರಿ ಅಕ್ಕೋರ, ಕುರಿ ಹಿಂದ ಕಳಸ್ತೀನಿ’ ಅನ್ನುತ್ತಾರೆ. ಈ ಮೂವರಿಗೆ ಬೇರೆ ರೀತಿ ಕಲಿಸಿದರೆ ಉಳಿದವರಿಗೆ ಅನ್ಯಾಯವಲ್ಲವೇ? ನನ್ನ ಹೆಸರು ಹಾಕಬೇಡಿ.”

ಅಕ್ಕೋರಿಗೆ ನಮಸ್ಕಾರ.

ಪತ್ರ ಓದುವ ಮೊದಲೇ ಅದರೊಳಗೆ ಮಡಚಿಟ್ಟಿದ್ದ ಆ ಮೊದಲನೆಯ ಹುಡುಗನ ಉಕ್ತಲೇಖನದ ಹಾಳೆ ಬಿಡಿಸಿದೆ. ಹತ್ತು ಶಬ್ದ, ಒಂಬತ್ತಕ್ಕೆ ಕೆಂಪು ಗೀಟು. ಕತ್ತೆ ‘ಕತೆ’ ಆಗಿದೆ, ಹಕ್ಕಿ ‘ಹಕಿ’, ಅಮ್ಮ ‘ಅಮ’, ಊಟ ‘ಉಟ’, ಸೂರ್ಯ ‘ಸುಯ’. ಸರಿಯಾಗಿದ್ದು ‘ಮರ’ ಒಂದೇ. ಇನ್ನೊಮ್ಮೆ ನೋಡಿ: ಬರೆದ ಮೂಲಾಕ್ಷರದಲ್ಲಿ ಒಂದೂ ತಪ್ಪಿಲ್ಲ. ಬಿಟ್ಟುಹೋದದ್ದೆಲ್ಲ ಒತ್ತು, ಇಲ್ಲವೇ ದೀರ್ಘ. ನೀವು ಎಣಿಸಿದ್ದು ಒಂಬತ್ತು ತಪ್ಪು, ಹುಡುಗ ಮಾಡಿದ್ದು ಎರಡೇ.

ಅದರಲ್ಲೂ ‘ಸೂರ್ಯ’ ಬರೆಯುವಾಗ ನಮ್ಮ ಕೈ ಏನು ಮಾಡುತ್ತದೆ ಅಂತ ಗಮನಿಸಿದ್ದೀರಾ? ಬಾಯಲ್ಲಿ ‘ರ್’ ಮೊದಲು ಬರುತ್ತದೆ. ಹಾಳೆಯ ಮೇಲೆ ‘ಯ’ ಮೊದಲು, ಅರ್ಕಾವೊತ್ತು ಆಮೇಲೆ. ನಮಗೆ ರೂಢಿಯಾಗಿ ಹೋಗಿದೆ. ಧ್ವನಿಗೂ ಗುರುತಿಗೂ ಗಂಟು ಹಾಕುವುದೇ ಕಷ್ಟವಾಗಿರುವ ಮಗುವಿಗೆ ಇದು ಕೇಳಿದ್ದನ್ನು ಹಿಂದುಮುಂದು ಮಾಡಿ ಬರಿ ಅಂದಹಾಗೆ. ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಲಿಯುವಲ್ಲಿನ ತೊಂದರೆ, ಅಂದಕೂಡಲೇ ಇಂಗ್ಲಿಷಿನ ಬಿ-ಡಿ ಅದಲುಬದಲಾಗುವ ಉದಾಹರಣೆ ಕೊಡುತ್ತಾರೆ. ಕನ್ನಡದಲ್ಲಿ ಮಗು ಎಡವುವುದು ಕಾಗುಣಿತ, ಒತ್ತಕ್ಷರಗಳಲ್ಲಿ. ಈ ಹುಡುಗನಿಗೆ ಅದೇ ತೊಂದರೆ ಅಂತ ಒಂದು ಹಾಳೆ ನೋಡಿ ನಾನು ಹೇಳಲಾರೆ, ಹೇಳಲೂಬಾರದು. ಆದರೆ ದಡ್ಡ ಅಲ್ಲ ಅನ್ನುವುದಕ್ಕೆ ನಿಮ್ಮ ಪತ್ರವೇ ಸಾಕ್ಷಿ. ಮೂರನೆಯ ತರಗತಿಯವರೆಗೆ ಚಟುವಟಿಕೆಯಿಂದ ಕಲಿಸುವ ನಲಿ-ಕಲಿಯ ಕಾರ್ಡು, ಚಿತ್ರ, ಹಾಡು ಅವನಿಗೆ ಆಸರೆಯಾಗಿದ್ದವು. ನಾಲ್ಕನೇತ್ತಾ ಬಂದೊಡನೆ ಪುಟದ ತುಂಬ ಸಾಲುಗಳು.

ನನ್ನ ತಂಗಿಯ ಮಗನ ನೋಟ್‌ಬುಕ್ಕಿನಲ್ಲಿ ಹುಬ್ಬಳ್ಳಿಯ ಶಾಲೆಯೊಂದು ಮೂರು ವರ್ಷ ‘ಲಕ್ಷ್ಯವಿಲ್ಲ’ ಅಂತ ಬರೆಯುತ್ತಲೇ ಬಂತು. ನಾವೂ ನಂಬಿದೆವು. ತಪ್ಪಾದ ಶಬ್ದವನ್ನು ಅವನಿಂದ ನೂರು ಸಲ ಬರೆಸಿದವನು ನಾನೇ. ನೂರನೆಯ ಸಲವೂ ತಪ್ಪೇ ಇತ್ತು, ಅಕ್ಷರ ಮಾತ್ರ ದುಂಡಗಾಗಿದ್ದವು. ಆ ಸಂಜೆಗಳನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನೀವು ನೂರು ಸಲ ಬರೆಸಬೇಡಿ.

ಹದಿನೈದು ದಿನ ಸಜಾತಿ ಒತ್ತು ಮಾತ್ರ ಹಿಡಿಯಿರಿ: ಕ್ಕ, ತ್ತ, ಮ್ಮ. ‘ಕತೆ’, ‘ಕತ್ತೆ’ ಎರಡನ್ನೂ ಹೇಳಿಸಿ, ನಾಲಿಗೆ ಎಲ್ಲಿ ತಡೆದು ನಿಲ್ಲುತ್ತದೆ ಅಂತ ಅವನೇ ಕಂಡುಕೊಳ್ಳಲಿ, ಆಮೇಲೆ ಪಾಟಿಯ ಮೇಲೆ ಬರೆಯಲಿ. ಅರ್ಕಾವೊತ್ತು ಕೊನೆಗಿರಲಿ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾರ್ಡಿನಲ್ಲಿ ಒಂದು ಸಾಲಿನಷ್ಟೇ ಅಗಲದ ಕಿಂಡಿ ಕತ್ತರಿಸಿ ಕೊಡಿ. ಅದನ್ನು ಪುಟದ ಮೇಲೆ ಸರಿಸುತ್ತ ಓದಿದರೆ ಸಾಲು ತಪ್ಪುವುದಿಲ್ಲ. ಎಲ್ಲರೆದುರು ಎದ್ದು ನಿಂತು ಓದು ಅನ್ನಬೇಡಿ. ಓದಿಸಲೇಬೇಕಾದರೆ ಯಾವ ಎರಡು ಸಾಲು ಅಂತ ಹಿಂದಿನ ದಿನವೇ ಅವನಿಗೆ ಹೇಳಿಬಿಡಿ. ಪರಿಸರ ಅಧ್ಯಯನದ ಉತ್ತರ ಬಾಯಿಂದ ಕೇಳಿ. ಅಲ್ಲಿ ನೀವು ನೋಡಬೇಕಾದದ್ದು ಮಳೆ ಹೇಗೆ ಬರುತ್ತದೆ ಅಂತ ಅವನಿಗೆ ಗೊತ್ತೇ ಅನ್ನುವುದನ್ನು, ಒತ್ತಕ್ಷರವನ್ನಲ್ಲ.

ಕೂಡಲಾರದವನನ್ನು ಕಿಟಕಿ, ಬಾಗಿಲಿನಿಂದ ದೂರ, ನಿಮ್ಮ ಕೈಗೆಟಕುವ ಜಾಗದಲ್ಲಿ ಕೂಡಿಸಿ. ಹೆಸರು ಕರೆದು, ಅವನು ನಿಮ್ಮತ್ತ ನೋಡಿದ ಮೇಲೆ ಒಂದೇ ಒಂದು ಕೆಲಸ ಹೇಳಿ. ಐದು ಲೆಕ್ಕದ ಬದಲು ಎರಡು, ತೋರಿಸಿ ಹೋದ ಮೇಲೆ ಮತ್ತೆರಡು. ನಡುನಡುವೆ ನೋಟ್‌ಬುಕ್ ಹಂಚುವುದು, ಬೋರ್ಡ್ ಒರೆಸುವುದು ಅವನ ಪಾಲಿಗಿರಲಿ. ಮೈ ಅಲುಗಾಡಿದರೆ ಅವನಿಗೆ ಮತ್ತೆ ಕೂಡುವುದು ಸುಲಭ.

ಆ ಹುಡುಗಿಯ ವಿಷಯದಲ್ಲಿ ಮೊದಲು ತಾಯಿಯನ್ನು ಕೇಳಿ: ಮನೆಯಲ್ಲಿ ಮಾತಾಡುತ್ತಾಳೆಯೇ, ಕಿವಿ ಸೋರುತ್ತದೆಯೇ? ಸೋರುವ ಕಿವಿಯಿಂದ ಕೇಳಿಸುವುದು ಕಡಿಮೆಯಾಗಿ ಸುಮ್ಮನಾಗುವ ಮಕ್ಕಳಿದ್ದಾರೆ. ಮನೆಯಲ್ಲಿ ಲಂಬಾಣಿಯಲ್ಲಿ ಅರಳು ಹುರಿದಂತೆ ಮಾತಾಡುವವಳಾದರೆ, ಅವಳಿಗೆ ನಿಮ್ಮ ಕನ್ನಡ ಹೊಸದು, ಅಷ್ಟೇ. ತಾಂಡಾದ ಗೆಳತಿಯ ಪಕ್ಕ ಕೂಡಿಸಿ. ಬೆರಳು ತೋರಿಸಿ ಹೇಳುವ ಉತ್ತರವನ್ನೂ ಒಪ್ಪಿಕೊಳ್ಳಿ. ಎರಡೂ ಅಲ್ಲ, ಮನೆಯಲ್ಲೂ ಮಾತು ಕಡಿಮೆ ಅಂದರೆ ತಡಮಾಡದೆ ತೋರಿಸಬೇಕು.

ತೋರಿಸುವುದೆಲ್ಲಿ? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಈ ಮೂವರನ್ನು ಬಿಡದೆ ಮುಂದೆ ನಿಲ್ಲಿಸಿ. ಕಣ್ಣು, ಕಿವಿಯ ತಪಾಸಣೆ ಮೊದಲು ಆಗಲಿ. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಸಂಪನ್ಮೂಲ ಶಿಕ್ಷಕರಿಗೆ ಲಿಖಿತವಾಗಿ ತಿಳಿಸಿ. ಕಲಿಕೆ, ಗಮನದ ತೊಂದರೆಯ ಪರೀಕ್ಷೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ‘ಹುಚ್ಚರ ಆಸ್ಪತ್ರಿ’ ಅನ್ನುವ ಹಳೆಯ ಅಂಜಿಕೆ ನಮ್ಮ ಕಡೆ ಇನ್ನೂ ಹೋಗಿಲ್ಲ. ಪಾಲಕರಿಗೆ ಅದನ್ನು ಮುಂಚೆಯೇ ಬಿಡಿಸಿ ಹೇಳಬೇಕು.

ಇನ್ನು ಅನ್ಯಾಯದ ಮಾತು. ಬಿಸಿಯೂಟದ ಸಾಲಿನಲ್ಲಿ ಹಲ್ಲು ಬಿದ್ದ ಒಂದನೇತ್ತಾ ಮಗುವಿಗೆ ಅಡುಗೆಯಾಕೆ ಅನ್ನ ಹಿಚುಕಿ ಕೊಟ್ಟರೆ ಉಳಿದವರು ಜಗಳ ತೆಗೆಯುತ್ತಾರೆಯೇ? ಕಾನೂನೂ ನಿಮ್ಮ ಕಡೆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕಲಿಕಾ ನ್ಯೂನತೆ ಸೇರಿದೆ. ಅದನ್ನು ಆದಷ್ಟು ಬೇಗ ಗುರುತಿಸುವುದು ಶಾಲೆಯ ಕರ್ತವ್ಯ ಅನ್ನುತ್ತದೆ 16ನೆಯ ಕಲಂ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಇವು 17ನೆಯ ಕಲಮಿನಲ್ಲಿವೆ. ಎಸ್ಸೆಸ್ಸೆಲ್ಸಿ ಹೊತ್ತಿಗೆ ಇವಕ್ಕೆ ಪ್ರಮಾಣಪತ್ರ ಬೇಕಾಗುತ್ತದೆ, ಆದ್ದರಿಂದ ಈಗಲೇ ಓಡಾಟ ಶುರುವಾಗಲಿ. ಚಂಚಲತೆಯ ತೊಂದರೆ, ಎಡಿಎಚ್‌ಡಿ, ಆ 21ರಲ್ಲಿ ಪ್ರತ್ಯೇಕವಾಗಿ ಇಲ್ಲ. ಇದು ನನಗೆ ಬೇಸರದ ಸಂಗತಿ. ಆದರೆ ಮಗುವಿನ ಜಾಗ ಬದಲಿಸಲು, ಲೆಕ್ಕ ಎರಡೆರಡಾಗಿ ಕೊಡಲು ನಿಮಗೆ ಯಾರ ಸಹಿಯೂ ಬೇಕಿಲ್ಲ.

ಆ ತಂದೆಯನ್ನು ಒಮ್ಮೆ ಶಾಲೆಗೆ ಕರೆಸಿ. ದೂರು ಹೇಳಬೇಡಿ. ಅವರೆದುರಿಗೇ ಹುಡುಗನನ್ನು ಕೇಳಿ: ಒಂದು ಮರಿಗೆ 6,500 ರೂಪಾಯಿ ಆದರೆ ಮೂರು ಮರಿಗೆ ಎಷ್ಟು? ಅವನು ಹೇಳಲಿ, ಅಪ್ಪ ಕೇಳಲಿ. ಆಮೇಲೆ ಈ ಉಕ್ತಲೇಖನದ ಹಾಳೆ ತೋರಿಸಿ, ‘ಅಕ್ಷರ ಎಲ್ಲಾ ಬಂದಾವ್ರಿ, ಒತ್ತು, ದೀರ್ಘ ಅಷ್ಟ ಉಳದಾವು’ ಅನ್ನಿ. ಹಾಳೆಯನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ. ಎರಡು ತಿಂಗಳು ಬಿಟ್ಟು ಇನ್ನೊಂದು ಕಳಿಸಿ, ಕಾಯುತ್ತಿರುತ್ತೇನೆ.

— ಸಂಪಾದಕ