ಕೇಪಳ ನೆಟ್ಟರೂ ಚಿಟ್ಟೆ ಏಕೆ ಬರುತ್ತಿಲ್ಲ?

ಪ್ರಶ್ನೆ: ಹೊಸ ಮನೆ ಕಟ್ಟಿಸಿದ್ದೇವೆ. ಚಿಟ್ಟೆ, ಹಕ್ಕಿಗಳು ಬರಲಿ ಎಂದು ನರ್ಸರಿಯಿಂದ ಕೇಪಳದ (ಇಕ್ಸೋರಾ) ಗಿಡಗಳನ್ನು ತಂದು ಕಾಂಪೌಂಡ್ ಗೋಡೆಯ ಬುಡದಲ್ಲಿ ಸಾಲಾಗಿ ನೆಟ್ಟು, ತಿಂಗಳಿಗೊಮ್ಮೆ ಬೇಲಿಯಂತೆ ಕತ್ತರಿಸುತ್ತಿದ್ದೇವೆ. ಚಿಗುರೆಲೆಗಳು ಹಳದಿಯಾಗುತ್ತಿವೆ, ಹೂವು ಅಪರೂಪ, ಚಿಟ್ಟೆಯ ಸುಳಿವೇ ಇಲ್ಲ. ಬೂದಿ ಹಾಕಿದರೂ ಪ್ರಯೋಜನವಾಗಲಿಲ್ಲ. ಗುಡ್ಡೆಯ ಕೇಪಳವನ್ನೇ ಕಿತ್ತು ತಂದು ನೆಡಬಹುದೇ? ಹೂವಿನಿಂದ ತಂಬುಳಿ ಮಾಡಬಹುದೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ನಿಮ್ಮ ಗಿಡಕ್ಕೆ ಆರೈಕೆ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಕೇಪಳ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಗಳದ್ದೇ ಗಿಡ. ಮಳೆಗಾಲದಲ್ಲಿ ಸಾರವೆಲ್ಲ ತೊಳೆದುಹೋಗುವ ಹುಳಿ ಮಣ್ಣಿನಲ್ಲಿ, ಸುಡುಬಿಸಿಲಿನಲ್ಲಿ ಹೂ ಬಿಟ್ಟುಕೊಂಡು ಬಂದದ್ದು. ಅದಕ್ಕೆ ಸುಣ್ಣದ ಅಂಶ ಆಗದು. ಹೊಸ ಗೋಡೆಯ ಬುಡದಲ್ಲಿ ಸಿಮೆಂಟಿನ ಪುಡಿ, ಗಾರೆಯ ಚೂರು ಬೇಕಾದಷ್ಟಿರುತ್ತದೆ. ಅದರ ಮೇಲೆ ನೀವು ಬೂದಿಯನ್ನೂ ಸುರಿದಿದ್ದೀರಿ. ಬೂದಿಯೂ ಕ್ಷಾರವೇ. ಹೀಗಾದಾಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಗುವುದಿಲ್ಲ. ಒಂದು ಚಿಗುರೆಲೆಯನ್ನು ಬೆಳಕಿಗೆ ಹಿಡಿದು ನೋಡಿ: ನರಗಳು ಹಸಿರಾಗಿದ್ದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ ಅದು ಕಬ್ಬಿಣದ ಕೊರತೆ.

ಗಿಡ ಇನ್ನೂ ಚಿಕ್ಕದಾಗಿದ್ದರೆ ಮಳೆ ಹಿಡಿದ ಮೇಲೆ ಬುಡದ ಮಣ್ಣಿನ ಸಮೇತ ಎಬ್ಬಿಸಿ, ಗೋಡೆಯಿಂದ ಎರಡು ಮೂರು ಅಡಿ ಈಚೆಗೆ ನೆಡಿ. ಗುಂಡಿಯಲ್ಲಿ ಸಿಕ್ಕ ಗಾರೆಯ ಚೂರುಗಳನ್ನು ಆರಿಸಿ ತೆಗೆದು ಕೆಂಪು ಮಣ್ಣು, ಕೊಳೆತ ತರಗೆಲೆ ತುಂಬಿಸಿ. ನೀರು ನಿಲ್ಲುವ ಜಾಗ ಬೇಡ. ತಾತ್ಕಾಲಿಕ ಉಪಚಾರವಾಗಿ ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಲೀಟರ್ ನೀರಿಗೆ 3 ಗ್ರಾಂನಂತೆ ಕರಗಿಸಿ, ನಾಲ್ಕು ಹನಿ ನಿಂಬೆರಸ ಬೆರೆಸಿ, ಸಂಜೆ ಹೊತ್ತು ಎಲೆಗಳಿಗೆ ಸಿಂಪಡಿಸಬಹುದು. ಅಂಗಳದ ಬಿಳಿ ಟೈಲ್ಸ್ ಮೇಲೆ ಬೀಳದಂತೆ ಜಾಗ್ರತೆ, ಆ ಕಲೆ ಸುಲಭಕ್ಕೆ ಹೋಗುವುದಿಲ್ಲ.

ಇನ್ನು ಕತ್ತರಿಯ ವಿಷಯ. ಕೇಪಳದ ಗೊಂಚಲು ಮೂಡುವುದು ಟೊಂಗೆಯ ತುದಿಯಲ್ಲಿ. ತಿಂಗಳಿಗೊಮ್ಮೆ ತುದಿ ಕತ್ತರಿಸಿದರೆ ಬರಬೇಕಾದ ಹೂವನ್ನೇ ಕತ್ತರಿಸಿದಂತೆ. ವರ್ಷಕ್ಕೊಮ್ಮೆ, ಮುಂಗಾರು ಶುರುವಾದ ಮೇಲೆ ಹಗುರವಾಗಿ ಸವರಿದರೆ ಸಾಕು. ಇಸ್ತ್ರಿ ಹಾಕಿದಂಥ ಬೇಲಿಯೇ ಬೇಕೆಂದಿದ್ದರೆ ಅದಕ್ಕೆ ಬೇರೆ ಗಿಡಗಳಿವೆ. ಬಾಡಿದ ಗೊಂಚಲನ್ನೂ ಕೀಳಬೇಡಿ. ಅದರಲ್ಲಿ ಆಗುವ ಹಣ್ಣಿಗೆ ಪಿಕಳಾರ ಹಕ್ಕಿಗಳು ಬರುತ್ತವೆ. ದೇವರಿಗೆಂದು ಕೊಯ್ಯುವಾಗಲೂ ಅರ್ಧ ಗೊಂಚಲುಗಳನ್ನು ಗಿಡದಲ್ಲಿ ಬಿಡಿ, ದೇವಿ ಬೇಸರಿಸುವುದಿಲ್ಲ.

ನೀವು ತಂದದ್ದು ಊರಿನ ಕೇಪಳವೇ ಎಂಬುದನ್ನೂ ನೋಡಿಕೊಳ್ಳಿ. ನಮ್ಮ ಗಿಡದ ಎಸಳು ಚೂಪಾಗಿರುತ್ತದೆ; ಎಲೆಗೆ ತೊಟ್ಟು ಇಲ್ಲವೇ ಇಲ್ಲ ಎನ್ನುವಷ್ಟು ಚಿಕ್ಕದು, ಅದರ ಬುಡ ಕಾಂಡಕ್ಕೆ ಒತ್ತಿಕೊಂಡಿರುತ್ತದೆ. ಎಸಳಿನ ತುದಿ ದುಂಡಗಿದ್ದರೆ ಅದು ಚೀನಾ ಮೂಲದ ಜಾತಿ ಅಥವಾ ಮಿಶ್ರತಳಿ ಇರಬಹುದು.

ಚಿಟ್ಟೆಗಳ ಪ್ರಶ್ನೆಗೆ ಉತ್ತರ ಕೇಪಳದಲ್ಲಿ ಅರ್ಧ ಮಾತ್ರ ಇದೆ. ಹೂವಿನ ಉದ್ದನೆಯ ಸಪೂರ ಕೊಳವೆಯ ತಳದಲ್ಲಿರುವ ಮಕರಂದ ಉದ್ದ ಹೀರುನಳಿಕೆಯ ದೊಡ್ಡ ಚಿಟ್ಟೆಗಳಿಗೆ ಎಟಕುತ್ತದೆ. ಆದರೆ ಅವು ಮೊಟ್ಟೆ ಇಡುವುದು ಬೇರೆ ಗಿಡಗಳ ಮೇಲೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳುಗಳಿಗೆ ಈಶ್ವರ ಬಳ್ಳಿ ಮತ್ತು ಅದರ ಬಂಧುಗಳೇ ಆಹಾರ. ಕ್ರಿಮ್ಸನ್ ರೋಸ್ ಚಿಟ್ಟೆಗೂ ಈಶ್ವರ ಬಳ್ಳಿ ಬೇಕು. ಕಾಮನ್ ಮಾರ್ಮನ್ ಚಿಟ್ಟೆಗೆ ನಿಮ್ಮ ಕರಿಬೇವು ಸಾಕು. ಅದರ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಅಂಟಿಕೊಂಡಿರುವುದನ್ನು ಕಂಡು ಒರೆಸಿ ಹಾಕುವ ಮುನ್ನ ಸ್ವಲ್ಪ ಬಗ್ಗಿ ನೋಡಿ, ಅದು ಮರಿಹುಳು. ಕರಿಬೇವಿಗೆ ಕೀಟನಾಶಕ ಹೊಡೆದು ಕೇಪಳದ ಎದುರು ಚಿಟ್ಟೆಗೆ ಕಾದು ಕುಳಿತರೆ ಬರುವುದೆಲ್ಲಿಂದ? ಈಶ್ವರ ಬಳ್ಳಿ ನೆಟ್ಟರೆ ಚಿಟ್ಟೆಗಳಿಗೆಂದೇ ನೆಡಿ. ಮನೆಮದ್ದಿಗೆ ಬಳಸಬೇಡಿ, ಅದು ಮೂತ್ರಪಿಂಡಕ್ಕೆ ಹಾನಿಕರ.

ಗುಡ್ಡೆಯಿಂದ ಕಿತ್ತು ತರಬೇಡಿ. ಬೇರು ಮುರಕಲ್ಲಿನ ಸಂದಿಗೆ ಇಳಿದಿರುತ್ತದೆ, ಎಳೆದರೆ ತುಂಡಾಗುತ್ತದೆ. ಗಿಡ ನಿಮಗೂ ಇಲ್ಲ, ಗುಡ್ಡೆಗೂ ಇಲ್ಲ. ಪರಿಚಯದವರ ಹಿತ್ತಲಿನಲ್ಲಿ ಹಳೆಯ ಗಿಡವಿದ್ದರೆ ಮಳೆಗಾಲದ ಆರಂಭದಲ್ಲಿ ಅರೆಬಲಿತ ಟೊಂಗೆಯನ್ನು ಗೇಣುದ್ದಕ್ಕೆ ಕತ್ತರಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ನೆರಳಿನಲ್ಲಿ ಊರಿ. ಬೀಜದಿಂದಲೂ ಬರುತ್ತದೆ, ತಾಳ್ಮೆ ಬೇಕು.

ತಂಬುಳಿ ಧಾರಾಳವಾಗಿ ಮಾಡಿ. ಆದರೆ ನರ್ಸರಿಯಲ್ಲಿ ಏನು ಸಿಂಪಡಿಸಿದ್ದರೋ ಗೊತ್ತಿಲ್ಲವಾದ್ದರಿಂದ ಹೊಸದಾಗಿ ತಂದ ಗಿಡದ ಹೂವನ್ನು ಮೊದಲ ವರ್ಷ ಅಡುಗೆಮನೆಗೆ ತರಬೇಡಿ.